ಸೇವೆ ಮಾಡಿ ಸಾಲ ತೀರಿಸಬಹುದಾ? ಅಮೆರಿಕದಲ್ಲಿ ಓದಿದ ಮಕ್ಕಳ ಮುಂದಿರುವ ದಾರಿಗಳು

ಈ ಸಲದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಾ ನಿಂತಿದ್ದೆ. ಅರ್ಧ ಗಂಟೆಯೊಳಗೆ ಮೂವರು ಬಂದು ಒಂದೇ ಪ್ರಶ್ನೆ ಕೇಳಿದರು. "ಸೇವೆ ಮಾಡಿದರೆ ಕಾಲೇಜು ಸಾಲ ಮನ್ನಾ ಆಗುತ್ತಂತೆ, ಹೌದಾ?"

ಒಬ್ಬರ ಮಗಳು ಡಿಗ್ರಿ ಮುಗಿಸಿದ್ದಾಳೆ. ಕೆಲಸಕ್ಕೆ ಸೇರುವ ಮುಂಚೆ ಒಂದು ವರ್ಷ ಅಮೆರಿಕಾರ್ಪ್ಸ್‌ಗೆ, ಅಂದರೆ ದೇಶದೊಳಗೇ ಸೇವೆ ಮಾಡಿಸುವ ಸರ್ಕಾರಿ ಯೋಜನೆಗೆ, ಹೋಗಬೇಕು ಅನ್ನುತ್ತಾಳೆ. ಇನ್ನೊಬ್ಬರ ಮಗನಿಗೆ ಪೀಸ್ ಕಾರ್ಪ್ಸ್ ಹುಚ್ಚು, ಅದು ಬೇರೆ ದೇಶಗಳಿಗೆ ಸೇವೆಗೆ ಕಳಿಸುವ ಸರ್ಕಾರಿ ಯೋಜನೆ. ಮೂರನೆಯವಳು ಸ್ವತಃ ಡಾಕ್ಟರ್. ರೆಸಿಡೆನ್ಸಿಯ (ಮೆಡಿಕಲ್ ಓದು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಸಂಬಳಕ್ಕೆ ಪಡೆಯುವ ತರಬೇತಿ) ಮೊದಲ ವರ್ಷ, ತಲೆ ಮೇಲೆ ಎರಡೂವರೆ ಲಕ್ಷ ಡಾಲರ್ ಸಾಲ. ನಾನು ಲೆಕ್ಕಪತ್ರದ ಕೆಲಸದವಳು. ಟ್ಯಾಕ್ಸ್ ಕಾಲದಲ್ಲಿ ಇಲ್ಲಿನ ಕನ್ನಡ ಕೂಟದವರ ಕಾಗದಪತ್ರ ನೋಡಿಕೊಟ್ಟು ರೂಢಿಯಾಗಿದೆ, ಹಾಗಾಗಿ ನನ್ನನ್ನೇ ಹಿಡಿದು ಕೇಳಿದರು. ಹೋಳಿಗೆ ಬಡಿಸುತ್ತಾ ಕೊಡುವ ಉತ್ತರ ಅಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸಾಲಮನ್ನಾ ಅಂದರೆ ನಮ್ಮವರ ಕಣ್ಣ ಮುಂದೆ ಬರುವುದು ಊರಿನ ಚಿತ್ರ. ವಿಧಾನಸೌಧದಲ್ಲಿ ಘೋಷಣೆ, ಸೊಸೈಟಿಯ ಗೋಡೆ ಮೇಲೆ ಪಟ್ಟಿ, ಪಟ್ಟಿಯಲ್ಲಿ ಹೆಸರಿದ್ದರೆ ಸಾಲ ಹೋಯಿತು. ಅಮೆರಿಕದ ಪದ್ಧತಿ ಬೇರೆ. ಇಲ್ಲಿ ಎರಡು ಬಗೆ. ಒಂದು ಕೂಲಿಯ ಹಾಗೆ: ಇಷ್ಟು ದುಡಿದರೆ ಇಷ್ಟು ಹಣ ಸಾಲಕ್ಕೆ ಜಮಾ. ಇನ್ನೊಂದು ಆಟೋ ಮೀಟರ್ ಹಾಗೆ: ಹತ್ತು ವರ್ಷ ಓಡಬೇಕು, 120 ಕಂತು ಆದ ಮೇಲೆ ಉಳಿದದ್ದು ಮನ್ನಾ. ಸಾಲ ಚಿಕ್ಕದಿದ್ದರೆ ಕೂಲಿ ಲಾಭ, ಸಾಲ ದೊಡ್ಡದಿದ್ದರೆ ಮೀಟರ್ ಲಾಭ. ಮುಂದೆ ಬರುವ ಲೆಕ್ಕವೆಲ್ಲ ಇದರ ಸುತ್ತಲೇ ತಿರುಗುತ್ತದೆ.

ದಾರಿ ನೋಡುವ ಮೊದಲು ಸಾಲ ನೋಡಿ

ಹಬ್ಬದ ಮಾರನೇ ವಾರ ಆ ಅಮೆರಿಕಾರ್ಪ್ಸ್ ಹುಡುಗಿ ಮತ್ತು ಅವಳಪ್ಪ ನಮ್ಮ ಮನೆಗೆ ಬಂದರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಚಕ್ಕುಲಿ ಡಬ್ಬ. "ಒಟ್ಟು 70,000 ಡಾಲರ್ ಸಾಲ ಇದೆ" ಅಂದರು ಅಪ್ಪ. ಹುಡುಗಿ ಫೆಡರಲ್ ಸಾಲದ ಲೆಕ್ಕ ತೋರಿಸುವ ಸರ್ಕಾರಿ ವೆಬ್‌ಸೈಟ್ ಸ್ಟೂಡೆಂಟ್‌ಏಡ್ ಡಾಟ್ ಗವ್‌ಗೆ ಲಾಗಿನ್ ಆದಳು. ಪರದೆ ಮೇಲೆ ನಾಲ್ಕೇ ಸಾಲು: 5,500, 6,500, 7,500, 7,500. ಒಟ್ಟು 27,000. ಎಲ್ಲದರ ಮುಂದೆಯೂ "ಡೈರೆಕ್ಟ್ ಅನ್‌ಸಬ್ಸಿಡೈಸ್ಡ್" ಅಂತ ಇತ್ತು, ಅಂದರೆ ಫೆಡರಲ್ ಸರ್ಕಾರ ನೇರ ಕೊಟ್ಟ, ಮೊದಲ ದಿನದಿಂದಲೇ ಬಡ್ಡಿ ಓಡುವ ಸಾಲ. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ಉಳಿದದ್ದು ಎಲ್ಲಿ?"

ಉಳಿದದ್ದು ಅವರ ಹೆಸರಲ್ಲೇ ಇತ್ತು. 30,000 ಪೇರೆಂಟ್ ಪ್ಲಸ್ ಸಾಲ, ಅದು ಮಕ್ಕಳ ಓದಿಗೆ ಅಪ್ಪ ಅಮ್ಮನ ಹೆಸರಲ್ಲಿ ಕೊಡುವ ಫೆಡರಲ್ ಸಾಲ. 13,000 ಖಾಸಗಿ ಬ್ಯಾಂಕಿನದು, ಅದಕ್ಕೆ ಇವರ ಜಾಮೀನು ಸಹಿ.

ಇದು ಅವರೊಬ್ಬರ ಕಥೆಯಲ್ಲ. ಅಪ್ಪ ಅಮ್ಮನ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ನಾಲ್ಕು ವರ್ಷದ ಡಿಗ್ರಿಗೆ ಫೆಡರಲ್ ಸರ್ಕಾರ ಅವರದೇ ಹೆಸರಲ್ಲಿ ಕೊಡುವುದು ಈ 27,000 ಮಾತ್ರ. ಐದನೇ ವರ್ಷ ಓದಿದರೂ 31,000ಕ್ಕೆ ಮಿತಿ. ಅದಕ್ಕಿಂತ ಹೆಚ್ಚಿನದೆಲ್ಲ ಬೇರೆ ಜಾತಿಯ ಸಾಲ. ಮಗಳು ಎಷ್ಟೇ ಸೇವೆ ಮಾಡಲಿ, ಅಪ್ಪನ ಹೆಸರಿನ ಪ್ಲಸ್ ಸಾಲಕ್ಕೆ ಅದು ತಾಕುವುದಿಲ್ಲ. ಸಾಲ ಅಪ್ಪನದಾದರೆ ಸೇವೆಯೂ ಅಪ್ಪನದೇ ಆಗಬೇಕು. ಖಾಸಗಿ ಬ್ಯಾಂಕಿನ ಸಾಲಕ್ಕೆ ಡಾಕ್ಟರು, ನರ್ಸುಗಳ ಯೋಜನೆಗಳನ್ನು ಬಿಟ್ಟರೆ ಇಲ್ಲಿ ಹೇಳುವ ಯಾವುದೂ ಒದಗುವುದಿಲ್ಲ.

ಎರಡನೆಯದು ಪಾಸ್‌ಪೋರ್ಟ್. ಅಮೆರಿಕಾರ್ಪ್ಸ್‌ಗೆ ಗ್ರೀನ್ ಕಾರ್ಡ್ ಸಾಕು. ಪೀಸ್ ಕಾರ್ಪ್ಸ್‌ಗೆ ಸಿಟಿಜನ್ ಆಗಿರಲೇಬೇಕು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ, ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಸಿಗುವ ಎಚ್-4ನಲ್ಲೇ ಬೆಳೆದು ಗ್ರೀನ್ ಕಾರ್ಡ್ ಸರದಿಯಲ್ಲಿ ಕಾಯುತ್ತಿರುವ ಮಕ್ಕಳಿಗೆ ಫೆಡರಲ್ ಸಾಲವೇ ಸಿಗುವುದಿಲ್ಲ. ಸಾಲವೇ ಇಲ್ಲದ ಮೇಲೆ ಮನ್ನಾ ಎಲ್ಲಿಂದ ಬರಬೇಕು?

ಮೂರನೆಯದು ತಾಳ್ಮೆ ಮತ್ತು ಜೇಬು. ಎಷ್ಟು ವರ್ಷ ಕಡಿಮೆ ದುಡ್ಡಿನಲ್ಲಿ ಇರಬಲ್ಲಿರಿ? ಆ ವರ್ಷ ಮನೆಯಿಂದ ಸಹಾಯ ಸಿಗುತ್ತಾ? ನಾಲ್ಕನೆಯದು ಯಾರೂ ಕೇಳದೇ ಇರುವುದು: ನಡುವೆ ಬಿಟ್ಟರೆ ಏನಾಗುತ್ತದೆ? ಒಂದೊಂದು ಯೋಜನೆಯಲ್ಲಿ ಒಂದೊಂದು ಶಿಕ್ಷೆ. ಐದನೆಯದು ಟ್ಯಾಕ್ಸ್. ಸಾಲಕ್ಕೆ ಬಂದ ಹಣವನ್ನೂ ಕೆಲವು ಕಡೆ ಆದಾಯ ಅಂತಲೇ ಎಣಿಸುತ್ತಾರೆ.

ಒಂದು ಭ್ರಮೆಯನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ಭಾನುವಾರ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ್ದು, ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸಿದ್ದು, ಫುಡ್ ಬ್ಯಾಂಕಿನಲ್ಲಿ ಡಬ್ಬ ಜೋಡಿಸಿದ್ದು, ಇವಕ್ಕೆ ಸರ್ಕಾರದ ಸಾಲಮನ್ನಾ ಯಾವುದೂ ಇಲ್ಲ. ಕೂಟ 501(ಸಿ)(3) ಸಂಸ್ಥೆ, ಅಂದರೆ ಟ್ಯಾಕ್ಸ್ ವಿನಾಯಿತಿ ಇರುವ ಲಾಭರಹಿತ ಸಂಸ್ಥೆ, ಆಗಿದ್ದರೂ ಅಷ್ಟೇ. ಅಲ್ಲಿ ಸಂಬಳಕ್ಕೆ ಕೆಲಸ ಮಾಡಿದರೆ ಮಾತು ಬೇರೆ. ಸಂಬಳವಿಲ್ಲದ ಸೇವೆಯನ್ನು ಲೆಕ್ಕಕ್ಕೆ ಹಿಡಿಯುವುದು ಅಮೆರಿಕಾರ್ಪ್ಸ್, ಪೀಸ್ ಕಾರ್ಪ್ಸ್ ಎರಡರಲ್ಲೇ. ಅಲ್ಲೂ ಊಟ ಬಾಡಿಗೆಗೆ ಅಂತ ಒಂದಿಷ್ಟು ಭತ್ಯೆ ಇದೆ.

ಅಮೆರಿಕಾರ್ಪ್ಸ್: ಒಂದು ವರ್ಷ, ಒಂದು ಗಂಟು ಹಣ

1993ರ ಕಾನೂನಿನಿಂದ ಹುಟ್ಟಿದ್ದು ಇದು. ಮುಂದಿನ ವರ್ಷವೇ ಮೊದಲ ತಂಡ ಹೊರಟಿತು. ಶಾಲೆಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ, ಪ್ರವಾಹ ಬಂದ ಕಡೆ ಪರಿಹಾರ, ಬಡವರ ಕ್ಲಿನಿಕ್ಕಿನಲ್ಲಿ ಸಹಾಯ, ಹೀಗೆ ಕೆಲಸ. ವರ್ಷಕ್ಕೆ 1,700 ಗಂಟೆ ಮುಗಿಸಿದರೆ ಸೀಗಲ್ ಎಜುಕೇಶನ್ ಅವಾರ್ಡ್ ಅಂತ ಕೊಡುತ್ತಾರೆ. ಅದರ ಮೊತ್ತ ಬಡ ವಿದ್ಯಾರ್ಥಿಗಳಿಗೆ ಫೆಡರಲ್ ಸರ್ಕಾರ ಕೊಡುವ ಪೆಲ್ ಗ್ರಾಂಟ್‌ನ ಗರಿಷ್ಠ ಮೊತ್ತಕ್ಕೆ ಸಮ, 2025-26ರಲ್ಲಿ 7,395 ಡಾಲರ್. ಹಣ ಕೈಗೆ ಬರುವುದಿಲ್ಲ, ನೇರ ಸಾಲಕ್ಕೆ ಅಥವಾ ಕಾಲೇಜಿಗೆ ಹೋಗುತ್ತದೆ. ಬಳಸಲು ಏಳು ವರ್ಷ ಸಮಯ. ಜೀವನದಲ್ಲಿ ಎರಡು ಪೂರ್ತಿ ಅವಾರ್ಡಿನಷ್ಟು ಪಡೆಯಬಹುದು.

27,000 ಸಾಲದ ಹುಡುಗಿಗೆ ಒಂದು ವರ್ಷದ ಸೇವೆಯಿಂದ ಕಾಲು ಭಾಗಕ್ಕಿಂತ ಜಾಸ್ತಿ ತೀರುತ್ತದೆ. ಎರಡು ವರ್ಷಕ್ಕೆ ಅರ್ಧ ದಾಟುತ್ತದೆ. ಇದರ ಜೊತೆ ಬಡ್ಡಿಯ ಉಪಕಾರವೂ ಇದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸೇವೆಯ ವರ್ಷ ಕಂತು ಕಟ್ಟದೆ ತಡೆಹಿಡಿಯಬಹುದು, ಅದಕ್ಕೆ ಫೋರ್‌ಬೇರೆನ್ಸ್ ಅನ್ನುತ್ತಾರೆ. ಆ ವರ್ಷ ಬೆಳೆದ ಬಡ್ಡಿಯನ್ನು, ಸೇವೆ ಮುಗಿಸಿದ ಮೇಲೆ, ಅಮೆರಿಕಾರ್ಪ್ಸ್‌ನ ನಿಧಿಯಾದ ನ್ಯಾಷನಲ್ ಸರ್ವಿಸ್ ಟ್ರಸ್ಟ್ ಕಟ್ಟುತ್ತದೆ. ಐದೂವರೆ ಪರ್ಸೆಂಟ್ ಲೆಕ್ಕದಲ್ಲಿ 27,000ಕ್ಕೆ ವರ್ಷದ ಬಡ್ಡಿ 1,485 ಡಾಲರ್. ಎರಡೂ ಸೇರಿ 8,880.

ಇನ್ನು ಟ್ಯಾಕ್ಸ್. ಅವಾರ್ಡ್ ಬಳಸಿದ ವರ್ಷ ಅದು ಆದಾಯ. ಬಡ್ಡಿಗೆ ಕೊಟ್ಟ ಹಣವೂ ಹಾಗೇ. 12 ಪರ್ಸೆಂಟ್ ಹಂತದಲ್ಲಿ ಇದ್ದಾಗ 7,395 ಬಳಸಿದರೆ ಸುಮಾರು 890 ಡಾಲರ್ ಫೆಡರಲ್ ಟ್ಯಾಕ್ಸ್. ಒಳ್ಳೆ ಸಂಬಳ ಬಂದು 22ರ ಹಂತಕ್ಕೆ ಏರಿದ ಮೇಲೆ ಬಳಸಿದರೆ ಸುಮಾರು 1,630. ಹಾಗಾಗಿ ಆದಾಯ ಕಡಿಮೆ ಇರುವ ವರ್ಷವೇ ಬಳಸಿ, ಇಲ್ಲವಾದರೆ ಡಿಸೆಂಬರ್‌ನಲ್ಲಿ ಅರ್ಧ, ಜನವರಿಯಲ್ಲಿ ಅರ್ಧ ಮಾಡಿ ಎರಡು ವರ್ಷಕ್ಕೆ ಹಂಚಿ.

ನಮ್ಮ ಅಕ್ಕನ ಮಗಳು ಈ ದಾರಿಯಲ್ಲಿ ಹೋದವಳು. ಸೇವೆ ಚೆನ್ನಾಗೇ ಆಯಿತು, ಗೋಳಾದದ್ದು ಕಾಗದದಲ್ಲಿ. ಡಿಗ್ರಿ ಆದ ಮೇಲೆ ಆರು ತಿಂಗಳು ಕಂತು ಇರುವುದಿಲ್ಲ. ಅದು ಮುಗಿಯುವ ಹೊತ್ತಿಗೆ ಅವಳು ಫೋರ್‌ಬೇರೆನ್ಸ್ ಅರ್ಜಿ ಹಾಕಿದಳು, ಒಪ್ಪಿಗೆ ಆಗಿದೆ ಅಂದುಕೊಂಡಳು. ಕಂತು ವಸೂಲಿಯ ಕಂಪನಿ ಅದನ್ನು ನೋಡಿಯೇ ಇರಲಿಲ್ಲ. ಮೂರು ತಿಂಗಳು ಬಾಕಿ ಅಂತ ಕ್ರೆಡಿಟ್ ರಿಪೋರ್ಟಿಗೆ ಹೋಯಿತು. ಸರಿ ಮಾಡಿಸಲು ಒಂದು ಚಳಿಗಾಲವೇ ಹಿಡಿಯಿತು. "ಅರ್ಜಿ ಹಾಕಿದ ಮೇಲೆ ಫೋನ್ ಮಾಡಿ ಕೇಳು, ಉತ್ತರವನ್ನು ಪತ್ರದಲ್ಲಿ ತರಿಸಿಕೋ" ಅಂತ ನಾನು ಈಗ ಎಲ್ಲ ಮಕ್ಕಳಿಗೂ ಹೇಳುವುದು ಅದಕ್ಕೇ.

ಭತ್ಯೆ ಬಡತನ ರೇಖೆಯ ಆಸುಪಾಸು. ದೊಡ್ಡ ಊರಿನಲ್ಲಿ ಬಾಡಿಗೆ ಕೊಟ್ಟು ಬದುಕುವುದು ಕಷ್ಟ. ಅಪ್ಪ ಅಮ್ಮನ ಮನೆಯಿಂದಲೇ ಹೋಗಿ ಬರುವ ಜಾಗ ಸಿಕ್ಕಿದರೆ ಲೆಕ್ಕ ಗೆಲ್ಲುತ್ತದೆ. ತಿಂಗಳಿಗೆ ಸಾವಿರ ಡಾಲರ್ ಮನೆಯಿಂದ ಕಳಿಸುವ ಹಾಗಾದರೆ 8,880 ಉಳಿಸಲು 12,000 ಖರ್ಚು ಮಾಡಿದ ಹಾಗೆ. ಆಗ ಸೇವೆಯ ಆಸೆಗೆ ಹೋಗಿ, ಸಾಲದ ಆಸೆಗೆ ಬೇಡ.

ನಡುವೆ ಬಿಟ್ಟರೆ ಅವಾರ್ಡ್ ಇಲ್ಲ. ಕಾಯಿಲೆಯಂಥ ಬಲವಾದ ಕಾರಣ ಇದ್ದು, ಶೇಕಡ 15ರಷ್ಟಾದರೂ ಸೇವೆ ಆಗಿದ್ದರೆ ಅದರ ಪಾಲು ಸಿಗುತ್ತದೆ. ಇದು ಸುಮ್ನೆ ಓದಿ ಬಿಡುವ ನಿಯಮ ಅಂದುಕೊಂಡಿದ್ದೆ. 2025ರ ಏಪ್ರಿಲ್‌ನಲ್ಲಿ ಸರ್ಕಾರವೇ ಸುಮಾರು 40 ಕೋಟಿ ಡಾಲರ್ ಅನುದಾನ ನಿಲ್ಲಿಸಿತು. ಅಮೆರಿಕಾರ್ಪ್ಸ್‌ನದೇ ಎನ್‌ಸಿಸಿಸಿ ಅನ್ನುವ ಯುವ ತಂಡಗಳಲ್ಲಿದ್ದ ಮಕ್ಕಳನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ರಾಜ್ಯಗಳು ಕೋರ್ಟಿಗೆ ಹೋಗಿ ಕೆಲವು ಕಡೆ ಹಣ ಮರಳಿ ಬಂತು. ಹಾಗಾಗಿ ಈಗ ಸೇರುವವರು ಸಂಸ್ಥೆಗೆ ಒಂದು ಪ್ರಶ್ನೆ ಕೇಳಲೇಬೇಕು: ಈ ವರ್ಷದ ಅನುದಾನ ಬಂದಿದೆಯಾ, ಬರಬೇಕಾ?

ಒಂದು ಕಡೆ ಮಾತು. 55 ದಾಟಿದವರು ಅಮೆರಿಕಾರ್ಪ್ಸ್‌ನ ಕೆಲವು ವಿಭಾಗಗಳಲ್ಲಿ ಸೇವೆ ಮಾಡಿ ಅವಾರ್ಡನ್ನು ಮಕ್ಕಳಿಗೋ ಮೊಮ್ಮಕ್ಕಳಿಗೋ ವರ್ಗಾಯಿಸಬಹುದು. 450 ಗಂಟೆಗೆ 1,956 ಡಾಲರ್. ಊರಿನಿಂದ ಗ್ರೀನ್ ಕಾರ್ಡಿನಲ್ಲಿ ಬಂದು, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಬೇಸರ ಅನ್ನುವ ನಿವೃತ್ತ ಮೇಡಂಗಳು ನಮ್ಮ ಕೂಟದಲ್ಲೇ ಐದಾರು ಜನ ಇದ್ದಾರೆ. ಅವರ ಕಿವಿಗೆ ಇದನ್ನು ಹಾಕಿ.

ಪೀಸ್ ಕಾರ್ಪ್ಸ್: ಅನುಭವ ದೊಡ್ಡದು, ಸಾಲದ ಲಾಭ ಸಣ್ಣದು

ಕೆನಡಿ 1961ರಲ್ಲಿ ಶುರು ಮಾಡಿದ್ದು. ಅದೇ ವರ್ಷದಿಂದ 1976ರವರೆಗೆ ಭಾರತದಲ್ಲೂ ಇವರು ಇದ್ದರು. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ 68ನೇ ವಯಸ್ಸಿನಲ್ಲಿ ಮುಂಬೈ ಹತ್ತಿರದ ವಿಕ್ರೋಲಿಗೆ ಬಂದು ನರ್ಸ್ ಆಗಿ ದುಡಿದರು. ಅಂದರೆ ವಯಸ್ಸಿಗೆ ಮೇಲ್ಮಿತಿ ಇಲ್ಲ.

ಮೂರು ತಿಂಗಳ ತರಬೇತಿ, ಎರಡು ವರ್ಷ ಸೇವೆ, ಒಟ್ಟು 27 ತಿಂಗಳು. ಬದುಕಲು ಭತ್ಯೆ ಕೊಡುತ್ತಾರೆ. ಮುಗಿಸಿ ಬಂದಾಗ 10,000 ಡಾಲರಿಗೂ ತುಸು ಜಾಸ್ತಿ ಕೈಗೆ ಕೊಡುತ್ತಾರೆ, ಟ್ಯಾಕ್ಸ್ ಕಳೆಯುವ ಮೊದಲು. ಇದನ್ನು ಸಾಲಕ್ಕೇ ಕಟ್ಟಬೇಕು ಅಂತ ಇಲ್ಲ. ಬಾಡಿಗೆ ಅಡ್ವಾನ್ಸಿಗೋ ಕಾರಿಗೋ ಹೋಗಿಬಿಡುತ್ತದೆ ಅನ್ನುವುದು ಬೇರೆ ಮಾತು.

ಸಾಲ ಮನ್ನಾ? ಬಡ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಹಳೆಯ ಪರ್ಕಿನ್ಸ್ ಸಾಲ ಇದ್ದವರಿಗೆ ವರ್ಷಕ್ಕೆ 15, 15, ಆಮೇಲೆ 20, 20 ಪರ್ಸೆಂಟ್ ಹೀಗೆ 70ರವರೆಗೆ ಮನ್ನಾ ಇತ್ತು. ಆ ಸಾಲ ಕೊಡುವುದನ್ನೇ 2017ರಲ್ಲಿ ನಿಲ್ಲಿಸಿದರು. ಈಗಿನ ಹುಡುಗರಿಗೆ ಅದು ಕಥೆ. ಡೈರೆಕ್ಟ್ ಸಾಲದ ಕಂತನ್ನು ಮೂರು ವರ್ಷದವರೆಗೆ ಮುಂದೂಡಬಹುದು ಅಷ್ಟೇ. ಸಬ್ಸಿಡೈಸ್ಡ್ ಸಾಲಕ್ಕೆ ಆ ಕಾಲದ ಬಡ್ಡಿ ಇಲ್ಲ. ಆದರೆ ಅದು ಸಿಗುವುದು ಮನೆಯ ಆದಾಯ ಕಡಿಮೆ ಇದ್ದವರಿಗೆ. ಸಾಫ್ಟ್‌ವೇರ್ ಸಂಬಳದ ಮನೆಗಳ ಮಕ್ಕಳಿಗೆ ಬಹುಪಾಲು ಅನ್‌ಸಬ್ಸಿಡೈಸ್ಡೇ ಸಿಕ್ಕಿರುತ್ತದೆ. ಅದಕ್ಕೆ ಬಡ್ಡಿ ಓಡುತ್ತಲೇ ಇರುತ್ತದೆ, ಮುಂದೂಡಿದ ಅವಧಿ ಮುಗಿದಾಗ ಅಸಲಿಗೆ ಸೇರುತ್ತದೆ. 27,000ಕ್ಕೆ 27 ತಿಂಗಳಲ್ಲಿ 3,300 ಡಾಲರ್ ಚಿಲ್ಲರೆ.

ಹಾಗಂತ ಕೈ ಬಿಡಬೇಡಿ. ಪೀಸ್ ಕಾರ್ಪ್ಸ್‌ನ ತಿಂಗಳುಗಳು ಆ ಹತ್ತು ವರ್ಷದ ಮೀಟರಿನಲ್ಲಿ ಎಣಿಕೆಗೆ ಬರುತ್ತವೆ. ಬಂದ ಮೇಲೆ ಕೋವರ್ಡೆಲ್ ಫೆಲೋಶಿಪ್ ಅಂತ ಎಂ.ಎ., ಎಂ.ಪಿ.ಎಚ್. ಓದಲು ಹಲವು ವಿಶ್ವವಿದ್ಯಾಲಯಗಳಲ್ಲಿ ಫೀಸ್ ರಿಯಾಯಿತಿ ಇದೆ. ಮುಂದೆ ಓದುವ ಮನಸ್ಸಿದ್ದರೆ ಸಾಲ ತೀರುವುದಕ್ಕಿಂತ ಹೊಸ ಸಾಲ ತಪ್ಪುವುದೇ ಇಲ್ಲಿ ದೊಡ್ಡ ಉಳಿತಾಯ.

ಹತ್ತು ವರ್ಷದ ಮೀಟರ್: ಪಿಎಸ್‌ಎಲ್‌ಎಫ್

ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್. 2007ರಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ಕಾನೂನು. ಸರ್ಕಾರದಲ್ಲೋ 501(ಸಿ)(3) ಸಂಸ್ಥೆಯಲ್ಲೋ ವಾರಕ್ಕೆ 30 ಗಂಟೆಗೆ ಕಡಿಮೆಯಿಲ್ಲದೆ ಕೆಲಸ ಮಾಡುತ್ತಾ 120 ಕಂತು ಕಟ್ಟಬೇಕು. ಡೈರೆಕ್ಟ್ ಸಾಲ ಮಾತ್ರ. ಬಿಡದೆ ಹತ್ತು ವರ್ಷ ಇರಬೇಕಿಲ್ಲ. ನಡುವೆ ಖಾಸಗಿ ಕಂಪನಿಗೆ ಹೋಗಿ ಬಂದರೂ ಹಳೆ ಎಣಿಕೆ ಹಾಗೇ ಇರುತ್ತದೆ. ಮನ್ನಾ ಆದ ಹಣಕ್ಕೆ ಫೆಡರಲ್ ಟ್ಯಾಕ್ಸ್ ಇಲ್ಲ.

ಇದರ ಹೆಸರು ಒಂದು ಕಾಲಕ್ಕೆ ತುಂಬಾ ಕೆಟ್ಟಿತ್ತು. 2017ರಲ್ಲಿ ಮೊದಲ ಅರ್ಜಿಗಳು ಹೋದಾಗ ನೂರಕ್ಕೆ ತೊಂಬತ್ತೊಂಬತ್ತು ತಿರಸ್ಕಾರ ಆದವು. ಸಾಲದ ಜಾತಿ ತಪ್ಪು, ಕಂತಿನ ಯೋಜನೆ ತಪ್ಪು, ಸಹಿ ತಪ್ಪು. 2021ರಿಂದ ನಿಯಮ ಸಡಿಲ ಮಾಡಿದ ಮೇಲೆ 2024ರ ಅಂತ್ಯಕ್ಕೆ ಹತ್ತು ಲಕ್ಷ ಜನಕ್ಕೂ ಮೇಲೆ ಮನ್ನಾ ಆಯಿತು. ಅಂದರೆ ಕೆಲಸ ಮಾಡುತ್ತದೆ, ಕಾಗದ ಸರಿ ಇದ್ದರೆ.

ಯಾರಿಗೆ ಲಾಭ? ನಮ್ಮ 27,000ದ ಹುಡುಗಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಹತ್ತು ವರ್ಷದ ಕಂತು ತಿಂಗಳಿಗೆ 293 ಡಾಲರ್. ಅದನ್ನು ಕಟ್ಟಿದರೆ ಹತ್ತು ವರ್ಷಕ್ಕೆ ಸಾಲವೇ ತೀರಿರುತ್ತದೆ. ಆದಾಯ ನೋಡಿ ಕಂತು ಹಾಕುವ ಯೋಜನೆಗೆ ಹೋದರೂ, 60,000 ಸಂಬಳಕ್ಕೆ ಹೊಸ ರಾಪ್ ಯೋಜನೆಯಲ್ಲಿ ಕಂತು 250. ಸಂಬಳ ಏರಿದ ಹಾಗೆ ಕಂತೂ ಏರುತ್ತದೆ. ಕೊನೆಗೆ ಮನ್ನಾ ಮಾಡಲು ಏನೂ ಉಳಿದಿರುವುದಿಲ್ಲ. ಡಿಗ್ರಿ ಸಾಲ ಮಾತ್ರ ಇದ್ದವರು ಇದಕ್ಕಾಗಿ ಹತ್ತು ವರ್ಷ ಕಡಿಮೆ ಸಂಬಳ ಒಪ್ಪಿಕೊಳ್ಳುವುದು ನನ್ನ ಪ್ರಕಾರ ದಡ್ಡತನ.

ಈಗ ಡಾಕ್ಟರ್ ಹುಡುಗಿಯ ಲೆಕ್ಕ. ಸಾಲ ಎರಡೂವರೆ ಲಕ್ಷ, ಬಡ್ಡಿ 7 ಪರ್ಸೆಂಟ್ ಅಂತಿಟ್ಟುಕೊಳ್ಳಿ. ರೆಸಿಡೆನ್ಸಿ ನಡೆಯುವ ಆಸ್ಪತ್ರೆ ಲಾಭರಹಿತ ಸಂಸ್ಥೆ. ಸಂಬಳ 65,000. ರಾಪ್‌ನಲ್ಲಿ ಕಂತು 325 ಡಾಲರ್. ತಿಂಗಳ ಬಡ್ಡಿಯೇ ಸಾವಿರದ ನಾನೂರು ದಾಟುತ್ತದೆ, ಆದರೆ ಕಂತಿಗೆ ಮೀರಿದ ಬಡ್ಡಿಯನ್ನು ರಾಪ್‌ನಲ್ಲಿ ಅಲ್ಲೇ ಬಿಟ್ಟುಬಿಡುತ್ತಾರೆ. ಮೂರು ವರ್ಷಕ್ಕೆ 36 ಕಂತು ಆಯಿತು. ಆಮೇಲೆ ಏಳು ವರ್ಷ ಅದೇ ತರಹದ ಆಸ್ಪತ್ರೆಯಲ್ಲಿ ಎರಡೂವರೆ ಲಕ್ಷ ಸಂಬಳಕ್ಕೆ ದುಡಿದರೆ ಕಂತು ತಿಂಗಳಿಗೆ 2,083. 120 ಮುಗಿದಾಗ ಕಟ್ಟಿದ್ದು ಸುಮಾರು 1,87,000, ಉಳಿದು ಮನ್ನಾ ಆಗುವುದು ಒಂದೂಮುಕ್ಕಾಲು ಲಕ್ಷಕ್ಕೂ ಮೇಲೆ. ಇದಕ್ಕೆ ಅವಳು ಬೇರೆ "ಸೇವೆ" ಅಂತ ಏನೂ ಮಾಡಬೇಕಾಗಿಲ್ಲ. ಹೇಗೂ ಮಾಡುವ ಕೆಲಸವನ್ನು ಸರಿಯಾದ ಜಾಗದಲ್ಲಿ ಮಾಡಿದರೆ ಸಾಕು.

ನಿಯಮಗಳು ಮಾತ್ರ ಅಲುಗಾಡುತ್ತಿವೆ. 2025ರ ಜುಲೈ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ರಾಪ್ ಬರುತ್ತದೆ, ಹಳೆಯ ಕೆಲವು ಯೋಜನೆಗಳು 2028ರ ಜುಲೈಗೆ ಮುಚ್ಚುತ್ತವೆ. ಆದಾಯ ನೋಡಿ ಕಂತು ಹಾಕುವ ಐಬಿಆರ್ ಅನ್ನುವ ಹಳೆಯದು ಉಳಿಯುತ್ತದೆ, ಆದರೆ 2026ರ ಜುಲೈ 1ರಿಂದ ಹೊಸ ಸಾಲ ತೆಗೆದವರಿಗೆ ಅದೂ ಇಲ್ಲ. ಐಬಿಆರ್‌ನಲ್ಲಿ ಆದಾಯ ತೀರಾ ಕಡಿಮೆ ಇದ್ದರೆ ಕಂತು ಸೊನ್ನೆ, ಆ ಸೊನ್ನೆಯೂ ಒಂದು ಕಂತು ಅಂತ ಎಣಿಕೆಗೆ ಬರುತ್ತದೆ. ರಾಪ್‌ನಲ್ಲಿ ಕಡಿಮೆ ಅಂದರೂ 10 ಡಾಲರ್. ಇನ್ನೊಂದು, ಯಾವ ಸಂಸ್ಥೆ ಅರ್ಹ ಅನ್ನುವುದರಲ್ಲೂ ಕೈ ಹಾಕಿದ್ದಾರೆ. ಕಾನೂನುಬಾಹಿರ ಉದ್ದೇಶ ಇದೆ ಅಂತ ಸರ್ಕಾರಕ್ಕೆ ಕಂಡ ಸಂಸ್ಥೆಯನ್ನು ಹೊರಗಿಡುವ ನಿಯಮ 2025ರ ಅಕ್ಟೋಬರ್ ಕೊನೆಗೆ ಹೊರಟಿತು. ಕೋರ್ಟಿನಲ್ಲಿ ಪ್ರಶ್ನೆಯೂ ಆಯಿತು. ವಲಸಿಗರ ಪರ ಕೆಲಸ ಮಾಡುವ ಸಂಸ್ಥೆಗಳಲ್ಲಿ ಇರುವವರು ಇದರ ಮೇಲೆ ಕಣ್ಣಿಡಿ. ಉಳಿದವರು ಒಂದು ಕೆಲಸ ಮಾಡಿ: ವರ್ಷಕ್ಕೊಮ್ಮೆ ಕೆಲಸದ ದೃಢೀಕರಣದ ಫಾರ್ಮಿಗೆ ಸಹಿ ಹಾಕಿಸಿ ಕಳಿಸಿ. ಹತ್ತನೇ ವರ್ಷ ಹಳೆ ಬಾಸನ್ನು ಹುಡುಕಿಕೊಂಡು ಹೋಗುವುದು ತಪ್ಪುತ್ತದೆ.

ಪೇರೆಂಟ್ ಪ್ಲಸ್ ಇರುವವರಿಗೆ ಇದರಲ್ಲಿ ಒಂದು ಸಂದಿ ಇದೆ. ಸಾಲ ಅಮ್ಮನ ಹೆಸರಲ್ಲಿದ್ದು, ಅಮ್ಮ ಸರ್ಕಾರಿ ವಿಶ್ವವಿದ್ಯಾಲಯದ ಲ್ಯಾಬಿನಲ್ಲೋ ಪಬ್ಲಿಕ್ ಶಾಲೆಯಲ್ಲೋ ಕೆಲಸ ಮಾಡುತ್ತಿದ್ದರೆ ಅಮ್ಮನದೇ ಮೀಟರ್ ಓಡಿಸಬಹುದು. ಅದಕ್ಕೆ ಮೊದಲು ಸಾಲವನ್ನು ಕನ್ಸಾಲಿಡೇಟ್ ಮಾಡಿರಬೇಕು, ಅಂದರೆ ಒಂದೇ ಹೊಸ ಫೆಡರಲ್ ಸಾಲವಾಗಿ ಬದಲಿಸಿರಬೇಕು. ಅದಕ್ಕೆ ಗಡುವು 2026ರ ಜುಲೈ 1ಕ್ಕೆ ಮುಂಚೆ. ಆ ದಿನದಿಂದ ಪ್ಲಸ್ ಸಾಲಕ್ಕೂ ಮಿತಿ ಬರುತ್ತದೆ, ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000.

ಮೇಷ್ಟ್ರು, ಡಾಕ್ಟರು, ನರ್ಸುಗಳ ದಾರಿ

ಮೇಷ್ಟ್ರ ಯೋಜನೆ ಸರಳ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಯಲ್ಲಿ ಬಿಡದೆ ಐದು ವರ್ಷ ಪಾಠ ಮಾಡಿದರೆ 5,000 ಡಾಲರ್ ಮನ್ನಾ. ಹೈಸ್ಕೂಲಿನ ಗಣಿತ, ವಿಜ್ಞಾನ ಅಥವಾ ಸ್ಪೆಷಲ್ ಎಜುಕೇಶನ್ ಆದರೆ 17,500. ಗಣಿತದ ಹುಡುಗನಿಗೆ 27,000ದಲ್ಲಿ 17,500 ಅಂದರೆ ಬಂಪರ್. ಇತಿಹಾಸದ ಹುಡುಗಿಗೆ ಐದು ವರ್ಷಕ್ಕೆ 5,000, ಅಮೆರಿಕಾರ್ಪ್ಸ್‌ನ ಒಂದು ವರ್ಷಕ್ಕಿಂತ ಕಡಿಮೆ. ಹೊಸ ಪದವೀಧರರನ್ನು ಬಡ ಮಕ್ಕಳ ಶಾಲೆಗಳಿಗೆ ಕಳಿಸುವ ಟೀಚ್ ಫಾರ್ ಅಮೆರಿಕ ಸಂಸ್ಥೆಯ ಮೂಲಕ ಸೇರಿದವರು ಅಮೆರಿಕಾರ್ಪ್ಸ್ ಅವಾರ್ಡೂ ಪಡೆಯುತ್ತಾರೆ, ಆದರೆ ಅದೇ ವರ್ಷಗಳನ್ನು ಎರಡೂ ಕಡೆ ಎಣಿಸುವ ಹಾಗಿಲ್ಲ. ಪಿಎಸ್‌ಎಲ್‌ಎಫ್ ಜೊತೆಗೂ ಹಾಗೇ.

ನ್ಯಾಷನಲ್ ಹೆಲ್ತ್ ಸರ್ವಿಸ್ ಕಾರ್ಪ್ಸ್‌ನದು ದೊಡ್ಡ ಗಂಟು. ವೈದ್ಯರ ಕೊರತೆ ಇರುವ ಪ್ರದೇಶದ ಕ್ಲಿನಿಕ್ಕಿನಲ್ಲಿ ಎರಡು ವರ್ಷ ಪೂರ್ಣಾವಧಿ ಕೆಲಸಕ್ಕೆ ಪ್ರೈಮರಿ ಕೇರ್ ಡಾಕ್ಟರಿಗೆ 75,000 ಡಾಲರ್‌ವರೆಗೆ, ಡೆಂಟಿಸ್ಟಿಗೆ 50,000ವರೆಗೆ. ಟ್ಯಾಕ್ಸ್ ಇಲ್ಲ. ಖಾಸಗಿ ಬ್ಯಾಂಕಿನ ಓದಿನ ಸಾಲಕ್ಕೂ ಸಲ್ಲುತ್ತದೆ. ಇದು ಈಗ ತುಂಬಾ ಮುಖ್ಯ, ಯಾಕೆಂದರೆ 2026ರ ಜುಲೈಯಿಂದ ಮೆಡಿಕಲ್ ಓದಿಗೆ ಫೆಡರಲ್ ಸಾಲಕ್ಕೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷದ ಮಿತಿ ಬರುತ್ತದೆ. ಅದಕ್ಕೆ ಮೇಲಿನದನ್ನು ಖಾಸಗಿಯಲ್ಲೇ ತರಬೇಕು, ಆ ಭಾಗಕ್ಕೆ ಪಿಎಸ್‌ಎಲ್‌ಎಫ್ ಇಲ್ಲ.

ಆದರೆ ಇಲ್ಲಿ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಪೈಪೋಟಿ ಇದೆ. ಸಿಟಿಜನ್ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ನಡುವೆ ಬಿಟ್ಟರೆ ಶಿಕ್ಷೆ ಭಯಂಕರ: ಬಾಕಿ ಉಳಿದ ಅವಧಿಯ ಹಣ ವಾಪಸ್, ಜೊತೆಗೆ ದುಡಿಯದ ಒಂದೊಂದು ತಿಂಗಳಿಗೆ 7,500 ಡಾಲರ್, ಮೇಲೆ ಬಡ್ಡಿ. ಮದುವೆ ಮಾತುಕತೆ ನಡೆಯುತ್ತಿದ್ದು ಹುಡುಗ ಇನ್ನೊಂದು ಕರಾವಳಿಯಲ್ಲಿ ಇದ್ದರೆ ಸಹಿ ಹಾಕುವ ಮೊದಲು ಇಬ್ಬರೂ ಕೂತು ಮಾತಾಡಿಕೊಳ್ಳಿ. ನಗಬೇಡಿ, ಇದೇ ಕಾರಣಕ್ಕೆ ಒದ್ದಾಡಿದವರನ್ನು ನೋಡಿದ್ದೇನೆ.

ನರ್ಸುಗಳಿಗೆ ನರ್ಸ್ ಕಾರ್ಪ್ಸ್ ಇದೆ. ಎರಡು ವರ್ಷಕ್ಕೆ ಸಾಲದ 60 ಪರ್ಸೆಂಟ್, ಮೂರನೇ ವರ್ಷಕ್ಕೆ ಇನ್ನೂ 25. ಗ್ರೀನ್ ಕಾರ್ಡ್ ನಡೆಯುತ್ತದೆ, ಟ್ಯಾಕ್ಸ್ ಮಾತ್ರ ಬೀಳುತ್ತದೆ.

ಬೆಂಗಳೂರಿನ ಬ್ಯಾಂಕಿನ ಸಾಲ ಇದ್ದರೆ

ಮೈಸೂರಿನಿಂದ ಒಬ್ಬರು ಕೇಳಿದ್ದರು, ಮಗ ಅಲ್ಲಿನ ಬ್ಯಾಂಕಿನ ಸಾಲದಲ್ಲಿ ಇಲ್ಲಿ ಎಂ.ಎಸ್. ಮಾಡಿದ್ದಾನೆ, ಸೇವೆ ಮಾಡಿದರೆ ತೀರುತ್ತಾ ಅಂತ. ತೀರುವುದಿಲ್ಲ. ಮುಂದೆ ಗ್ರೀನ್ ಕಾರ್ಡ್ ಬಂದರೂ ಅಮೆರಿಕಾರ್ಪ್ಸ್ ಅವಾರ್ಡ್ ಭಾರತದ ಬ್ಯಾಂಕಿಗೆ ಹೋಗುವುದಿಲ್ಲ. ಅವನು ಊರಿಗೆ ಮರಳಿ ದುಡಿದರೆ ಹಳೆಯ ಟ್ಯಾಕ್ಸ್ ಪದ್ಧತಿಯಲ್ಲಿ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ, ಅಷ್ಟೇ.

ಆ ಮೂವರಿಗೆ ನಾನು ಹೇಳಿದ್ದು

ಡಾಕ್ಟರ್ ಹುಡುಗಿಗೆ: ಈ ತಿಂಗಳೇ ಆದಾಯ ನೋಡುವ ಕಂತಿನ ಯೋಜನೆಗೆ ಸೇರು, ಆಸ್ಪತ್ರೆಯ ಎಚ್‌ಆರ್‌ನಿಂದ ಫಾರ್ಮಿಗೆ ಸಹಿ ಹಾಕಿಸು. ರೆಸಿಡೆನ್ಸಿಯಲ್ಲಿ ಕಂತು ನಿಲ್ಲಿಸಿ ಕೂತರೆ 36 ತಿಂಗಳ ಮೀಟರ್ ಹಾಳು. ಹಳ್ಳಿ ಕಡೆ ಕೆಲಸ ಇಷ್ಟವಾದರೆ ಆಮೇಲೆ ಹೆಲ್ತ್ ಸರ್ವಿಸ್ ಕಾರ್ಪ್ಸ್ ನೋಡಬಹುದು.

ಪೀಸ್ ಕಾರ್ಪ್ಸ್ ಹುಡುಗನ ಅಮ್ಮನಿಗೆ: ಅವನು ಬಂದ ಮೇಲೆ ಸರ್ಕಾರಿ ಕೆಲಸಕ್ಕೋ ಪಬ್ಲಿಕ್ ಹೆಲ್ತ್ ಓದಿಗೋ ಹೋಗುವವನಾ ಕೇಳಿ. ಹೌದಾದರೆ 27 ತಿಂಗಳು ವ್ಯರ್ಥವಲ್ಲ, ಹೋಗುವ ಮುಂಚೆ ಐಬಿಆರ್‌ಗೆ ಸೇರಿಸಿ. ನೇರ ಕಂಪನಿ ಕೆಲಸಕ್ಕೆ ಹೋಗುವವನಾದರೆ ಸಾಲದ ದೃಷ್ಟಿಯಿಂದ ಇದು ನಷ್ಟವೇ. ಆ 3,300 ಬಡ್ಡಿಯನ್ನು ಪ್ರವಾಸದ ಖರ್ಚು ಅಂದುಕೊಂಡು ಕಳಿಸಿ.

ಅಮೆರಿಕಾರ್ಪ್ಸ್ ಹುಡುಗಿ ಮನೆಯಿಂದ ಇಪ್ಪತ್ತು ನಿಮಿಷ ದೂರದ ಶಾಲೆಯಲ್ಲಿ ಓದು ಕಲಿಸುವ ಕೆಲಸ ಆರಿಸಿಕೊಂಡಿದ್ದಾಳೆ. ಅನುದಾನ ಬಂದಿದೆ ಅಂತ ಸಂಸ್ಥೆಯವರು ಪತ್ರದಲ್ಲಿ ಬರೆದು ಕೊಟ್ಟಿದ್ದಾರೆ. ಮುಂದೆ ಎಂ.ಎ. ಮಾಡುವ ಯೋಚನೆ ಇರುವುದರಿಂದ ಅವಾರ್ಡನ್ನು ಸಾಲಕ್ಕೆ ಹಾಕುವುದೋ ಫೀಸಿಗೆ ಇಡುವುದೋ ಅಂತ ಇನ್ನೂ ಯೋಚಿಸುತ್ತಿದ್ದಾಳೆ. ಕೆಲವು ವಿಶ್ವವಿದ್ಯಾಲಯಗಳು ಅವಾರ್ಡಿನಷ್ಟೇ ಹಣ ತಾವೂ ಸೇರಿಸುತ್ತವೆ. ಅಂಥ ಕಡೆ ಸೀಟು ಸಿಕ್ಕಿದರೆ ಫೀಸಿಗೇ ಬಳಸು ಅಂದೆ. ಏಳು ವರ್ಷ ಸಮಯ ಇದೆಯಲ್ಲ.

ಅವಳಪ್ಪ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ಹಾಗಾದರೆ ನನ್ನ ಪ್ಲಸ್ ಸಾಲ?" ಅವರು ಇರುವುದು ಖಾಸಗಿ ಕಂಪನಿಯಲ್ಲಿ. "ಅದನ್ನು ನೀವೇ ಕಟ್ಟಬೇಕು" ಅಂದೆ. ಮಗಳು ಶೂ ಹಾಕಿಕೊಳ್ಳುತ್ತಾ, ಎರಡನೇ ವರ್ಷದಿಂದ ಅರ್ಧ ತಾನು ಕೊಡುತ್ತೇನೆ ಅಂದಳು. ಅಪ್ಪ ಏನೂ ಹೇಳಲಿಲ್ಲ. ಕಂತು ತಿಂಗಳ 15ನೇ ತಾರೀಖು.